ಕಡಲಹಕ್ಕಿಗಳ ಸಂಖ್ಯಾ ಮಾದರಿಯನ್ನು ಬೇರೆಯವರೂ ಓಡಿಸಬಲ್ಲಂತೆ ಕಟ್ಟುವ ಬಗೆ

ಕಡಲಹಕ್ಕಿಗಳ ಗೂಡುತಾಣವೊಂದರ ಎಣಿಕೆ ಕೈಯಲ್ಲಿದೆ. ಮುಂದಿನ ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಆ ಸಂಖ್ಯೆ ಏರೀತೇ, ಇಳಿದೀತೇ, ಯಾವ ಅಪಾಯವನ್ನು ಮೊದಲು ತಡೆದರೆ ಹೆಚ್ಚು ಹಕ್ಕಿಗಳು ಉಳಿದಾವು ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ. ಅಂಥ ಕೆಲಸ ಹೊತ್ತವರಿಗಾಗಿ ಈ ಮಾರ್ಗದರ್ಶಿ. ಲೆಕ್ಕ ಕಠಿಣವಾದುದೇನಲ್ಲ, ಸ್ಪ್ರೆಡ್‌ಶೀಟ್‌ನಲ್ಲಿಯೂ ಮಾಡಿ ಮುಗಿಸಬಹುದು. ತೊಡಕು ಬರುವುದು ಎಣಿಕೆಯವರ ಹಾಳೆಯಿಂದ ಮಾದರಿ ಕಟ್ಟುವವರ ಕಡತಕ್ಕೆ, ಅಲ್ಲಿಂದ ನಿರ್ಧಾರ ತೆಗೆದುಕೊಳ್ಳುವವರ ಮೇಜಿಗೆ ಅಂಕಿಗಳು ದಾಟುವಾಗ: ಅಂಕಿ ಸುರಕ್ಷಿತವಾಗಿ ತಲುಪುತ್ತದೆ, ಅದು ಯಾವುದರ ಅಂಕಿ ಎಂಬ ವಿವರ ದಾರಿಯಲ್ಲಿ ಉದುರಿಹೋಗುತ್ತದೆ.

ಇಂಥ ಉದುರುವಿಕೆಯ ರುಚಿ ನನಗೆ ಮೊದಲು ಸಿಕ್ಕಿದ್ದು ಬಟ್ಟಿ ಇಳಿಸುವ ಸ್ತಂಭವೊಂದರ ಲೆಕ್ಕದಲ್ಲಿ. ಗಂಟೆಗೆ 100 ಕಿಲೋಮೋಲ್ (ಒಂದು ಲಕ್ಷ ಮೋಲ್) ಎಂದು ನಾನು ಕೊಟ್ಟ ಹರಿವನ್ನು, ನಾನೇ ಬರೆದ ಮತ್ತೊಂದು ತುಣುಕು ಸೆಕೆಂಡಿಗೆ 100 ಮೋಲ್ ಎಂದು ಓದಿಕೊಂಡಿತು. ಎರಡರ ನಡುವಿನ ವ್ಯತ್ಯಾಸ 3.6 ಪಟ್ಟು, ಕಂಡೆನ್ಸರ್‌ನ ಶಾಖದ ಹೊರೆಯೂ ಅಷ್ಟೇ ಪಟ್ಟು ಉಬ್ಬಿಕೊಂಡಿತ್ತು. ಎಲ್ಲಿಯೂ ದೋಷಸಂದೇಶ ಬರಲಿಲ್ಲ, ಏಕೆಂದರೆ 100 ಎಂಬುದು ಎರಡೂ ಕಡೆ ಒಪ್ಪುವ ಸಂಖ್ಯೆಯೇ ಆಗಿತ್ತು. ವರ್ಷಗಳ ನಂತರ ಹಕ್ಕಿಗಳ ಲೆಕ್ಕಕ್ಕೆ ಕೈಹಾಕಿದಾಗ ಅದೇ ತಪ್ಪನ್ನು ಮತ್ತೆ ಮಾಡಿದೆ. ‘ಸಂಖ್ಯೆ’ ಎಂಬ ಅಂಕಣದಲ್ಲಿ 640 ಎಂದಿತ್ತು. ಅದನ್ನು ಹಕ್ಕಿಗಳೆಂದು ತಿಳಿದು, ಅರ್ಧ ಹೆಣ್ಣು ಎಂದು 320ರಿಂದ ಲೆಕ್ಕ ಆರಂಭಿಸಿದೆ. ಎಣಿಸಿದವರು ಬರೆದದ್ದು ಗೂಡುಗಳ ಸಂಖ್ಯೆ. ಪ್ರಾಯಕ್ಕೆ ಬಂದ ಹೆಣ್ಣುಗಳಲ್ಲಿ ಆ ವರ್ಷ ಗೂಡು ಕಟ್ಟಿದ್ದು ನೂರಕ್ಕೆ ಎಂಬತ್ತು ಮಾತ್ರ ಎಂದು ಹಿಡಿದರೆ ಸರಿಯಾದ ಆರಂಭಸಂಖ್ಯೆ 800. ನಾನು ಎರಡೂವರೆ ಪಟ್ಟು ಕಡಿಮೆ ಹಕ್ಕಿಗಳೊಂದಿಗೆ ಹೊರಟಿದ್ದೆ.

ಸ್ಥಾವರದ ಲೆಕ್ಕದಿಂದ ಎರವಲು ತರಬೇಕಾದುದು

ರಾಸಾಯನಿಕ ಸ್ಥಾವರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್‌ಗಳು ಬಹುಕಾಲ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದ ಸ್ಥಿತಿಯಲ್ಲಿದ್ದವು. ಒಂದು ಸಾಫ್ಟ್‌ವೇರ್‌ಗಾಗಿ ಬರೆದ ರಿಯಾಕ್ಟರ್ ಮಾದರಿಯನ್ನು ಮತ್ತೊಂದಕ್ಕೆ ಒಯ್ಯಬೇಕೆಂದರೆ ಅದನ್ನು ಮೊದಲಿನಿಂದ ಬರೆಯಬೇಕಾಗುತ್ತಿತ್ತು. ಇದನ್ನು ತಪ್ಪಿಸಲು 1997ರಲ್ಲಿ ಐರೋಪ್ಯ ಆಯೋಗದ ಧನಸಹಾಯದಿಂದ ಕೇಪ್-ಓಪನ್ ಯೋಜನೆ ಆರಂಭವಾಯಿತು. ಬಿಎಎಸ್ಎಫ್, ಬಿಪಿ, ಐಸಿಐಯಂಥ ಬಳಕೆದಾರ ಕಂಪನಿಗಳೂ ಸಾಫ್ಟ್‌ವೇರ್ ತಯಾರಕರೂ ಒಂದೇ ಮೇಜಿಗೆ ಬಂದು, ಒಂದರ ಮಾದರಿ ಇನ್ನೊಂದರಲ್ಲಿ ಓಡುವಂತೆ ಸಾಮಾನ್ಯ ಮಾನಕವೊಂದನ್ನು ರೂಪಿಸಿದರು. 2001ರಿಂದ ಈ ಮಾನಕವನ್ನು ಕೋ-ಲ್ಯಾನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಇಂದು ಆಸ್ಪೆನ್ ಪ್ಲಸ್‌ನಂಥ ವಾಣಿಜ್ಯ ಸಾಫ್ಟ್‌ವೇರ್, ಉಚಿತವಾಗಿ ಸಿಗುವ ಕೋಕೋ, ಮುಕ್ತ ಆಕರದ ಡಿಡಬ್ಲ್ಯುಸಿಮ್ ಮೂರೂ ಇದನ್ನು ಬೆಂಬಲಿಸುತ್ತವೆ.

ಈ ಮಾನಕದ ದಾಖಲೆಗಳನ್ನು ಪೂರ್ತಿ ಓದುವ ಅಗತ್ಯ ಹಕ್ಕಿಗಳ ಲೆಕ್ಕದವರಿಗೆ ಇಲ್ಲ. ಓದಿದರೆ ಬೇಸರವೂ ಆದೀತು. ಆದರೆ ಅದರೊಳಗಿನ ಮೂರು ಏರ್ಪಾಡುಗಳು ನಮಗೆ ಬೇಕಾದವು. ಮೊದಲನೆಯದಾಗಿ, ಪ್ರತಿಯೊಂದು ಘಟಕಕ್ಕೂ, ಎಂದರೆ ರಿಯಾಕ್ಟರ್, ಸ್ತಂಭದಂಥ ಉಪಕರಣದ ಮಾದರಿಗೂ, ಹೆಸರಿಟ್ಟ ಪೋರ್ಟ್‌ಗಳಿರುತ್ತವೆ: ವಸ್ತು, ಶಕ್ತಿ ಅಥವಾ ಮಾಹಿತಿ ಆ ಬಾಗಿಲುಗಳ ಮೂಲಕವೇ ಒಳಬರಬೇಕು, ಹೊರಹೋಗಬೇಕು. ಬಾಗಿಲಲ್ಲಿ ದಾಟುವ ಬೆಲೆಗಳೆಲ್ಲ ಎಸ್ಐ ಏಕಮಾನಗಳಲ್ಲಿರುತ್ತವೆ. ಮನೆಯೊಳಗೆ ಯಾರು ಯಾವ ಏಕಮಾನ ಬಳಸಿದರೂ ಹೊಸ್ತಿಲಲ್ಲಿ ಒಂದೇ ನಿಯಮ. ಎರಡನೆಯದಾಗಿ, ಲೆಕ್ಕ ಮಾಡು ಎಂದು ಕೇಳುವ ಮೊದಲು ಘಟಕವು ತನ್ನನ್ನು ತಾನು ಪರಿಶೀಲಿಸಿಕೊಳ್ಳಬೇಕು, ಸರಿಯಿಲ್ಲವಾದರೆ ಏಕೆಂದು ಮಾತಿನಲ್ಲಿ ಹೇಳಬೇಕು. ಒಂದು ಪೋರ್ಟ್‌ನ ಜೋಡಣೆ ಬದಲಾದೊಡನೆ ಹಿಂದಿನ ಪರಿಶೀಲನೆ ರದ್ದಾಗುತ್ತದೆ. ಮೂರನೆಯದು ನನಗೆ ಅತ್ಯಂತ ಪ್ರಿಯವಾದುದು: ಉಪಕರಣದ ಮಾದರಿಯೂ ಅದರೊಳಗೆ ಹರಿಯುವ ದ್ರವದ ಗುಣಗಳೂ ಬೇರೆ ಬೇರೆ ಪೊಟ್ಟಣಗಳು. ಸ್ತಂಭವನ್ನು ಹಾಗೆಯೇ ಇಟ್ಟು ಉಷ್ಣಗತಿಕ ಗುಣಗಳ ಪೊಟ್ಟಣವನ್ನಷ್ಟೇ ಬದಲಿಸಬಹುದು.

ಹಕ್ಕಿಗಳಿಗೆ ಇದನ್ನು ಅನ್ವಯಿಸಿದರೆ, ದ್ವೀಪದ ಎಣಿಕೆ ಒಂದು ಪೊಟ್ಟಣ. ಪ್ರಭೇದದ ಬದುಕಿನ ದರಗಳು, ಎಂದರೆ ಬದುಕುಳಿಯುವ ಪ್ರಮಾಣ, ಮೊದಲು ಗೂಡು ಕಟ್ಟುವ ವಯಸ್ಸು, ಮರಿ ಹಾರುವ ಯಶಸ್ಸು, ಇವು ಇನ್ನೊಂದು. ವರ್ಷದಿಂದ ವರ್ಷಕ್ಕೆ ಸಂಖ್ಯೆಯನ್ನು ಮುಂದೊಯ್ಯುವ ಲೆಕ್ಕ ಮೂರನೆಯದು. ನಾನು ನೋಡಿದ ಬಹುಪಾಲು ಕಡತಗಳಲ್ಲಿ ಈ ಮೂರೂ ಒಂದೇ ಹಾಳೆಯಲ್ಲಿ ಹೆಣೆದುಕೊಂಡಿರುತ್ತವೆ. 0.95 ಎಂಬ ಬದುಕುಳಿಯುವ ಪ್ರಮಾಣವು ಸೂತ್ರದ ಒಳಗೆ ಎಲ್ಲಿಯೋ ಅಡಗಿ ಕುಳಿತಿರುತ್ತದೆ. ಉಂಗುರ ತೊಡಿಸಿದ ಹಕ್ಕಿಗಳ ಹೊಸ ವಿಶ್ಲೇಷಣೆ ಬಂದು ಅದು 0.93 ಎಂದು ತಿಳಿದಾಗ ಹದಿನಾರು ಕೋಶಗಳಲ್ಲಿ ತಿದ್ದಬೇಕಾಗುತ್ತದೆ, ಹದಿನೈದರಲ್ಲಿ ತಿದ್ದಲಾಗುತ್ತದೆ.

ಏನನ್ನು ಎಣಿಸಲಾಗಿದೆ ಎಂಬುದೇ ಏಕಮಾನ

ಮಾದರಿಗಿಂತ ಮೊದಲು ಎಣಿಕೆಯ ಹಾಳೆಯ ಮುಂದೆ ಕುಳಿತುಕೊಳ್ಳಬೇಕು, ಸಾಧ್ಯವಿದ್ದರೆ ಎಣಿಸಿದವರ ಜೊತೆಯಲ್ಲಿಯೇ. ಕಡಲಹಕ್ಕಿಗಳ ಎಣಿಕೆಯಲ್ಲಿ ‘ಹಕ್ಕಿ’ ಎಂಬುದು ಅಪರೂಪದ ಏಕಮಾನ. ಗ್ಯಾನೆಟ್‌ಗಳಲ್ಲಿ ಎಣಿಸುವುದು ಯಾರೋ ಹಿಡಿದಿಟ್ಟುಕೊಂಡಂತೆ ಕಾಣುವ ಜಾಗಗಳನ್ನು. ಅಲ್ಲಿ ಗೂಡಿರಬಹುದು, ಇಲ್ಲದಿರಬಹುದು. ಕಿಟಿವೇಕ್‌ನಂಥ ಗಲ್ ಹಕ್ಕಿಗಳಲ್ಲಿ ಬಳಕೆಯಲ್ಲಿರುವಂತೆ ಕಾಣುವ ಗೂಡುಗಳನ್ನು ಎಣಿಸುತ್ತಾರೆ. ಗಿಲ್ಲಿಮಾಟ್‌ ಗೂಡನ್ನೇ ಕಟ್ಟುವುದಿಲ್ಲ. ಬಂಡೆಯ ಅಂಚಿನ ಮೇಲೆ ಬರಿ ನೆಲದಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಅಂಚಿನ ಮೇಲೆ ನಿಂತ ಹಕ್ಕಿಗಳನ್ನೇ ಎಣಿಸಿ, ಜೋಡಿಗಳ ಸಂಖ್ಯೆ ಬೇಕಾದಾಗ ಒಂದು ಗುಣಕದಿಂದ ಗುಣಿಸುತ್ತಾರೆ. ಬ್ರಿಟನ್ನಿನಲ್ಲಿ ಬಹಳ ಬಳಕೆಯಲ್ಲಿರುವ ಗುಣಕ 0.67. ಈ ಗುಣಕವನ್ನು ಈಗಾಗಲೇ ಹಾಕಲಾಗಿದೆಯೇ ಇಲ್ಲವೇ ಎಂಬುದು ಹಾಳೆಯಲ್ಲಿ ಇಲ್ಲದಿದ್ದರೆ, ಎಚ್ಚರವುಳ್ಳ ಇಬ್ಬರು ಅದನ್ನು ಎರಡು ಬಾರಿ ಹಾಕುವುದು ಖಂಡಿತ.

ಬಿಲದಲ್ಲಿ ಗೂಡು ಮಾಡುವ ಪೆಟ್ರೆಲ್, ಶಿಯರ್‌ವಾಟರ್‌ಗಳ ವಿಷಯ ಇನ್ನೂ ಸೂಕ್ಷ್ಮ. ಹಗಲಿನಲ್ಲಿ ನೋಡಿದರೆ ಒಂದು ಹಕ್ಕಿಯೂ ಕಾಣದ ಇಳಿಜಾರಿನಲ್ಲಿ ನೆಲದಡಿ ಸಾವಿರಾರು ಹಕ್ಕಿಗಳಿರಬಹುದು. ಎಣಿಸುವವರು ಪ್ರತಿ ಬಿಲದ ಬಾಯಿಗೂ ಬಗ್ಗಿ ಆ ಪ್ರಭೇದದ ಕೂಗಿನ ಧ್ವನಿಮುದ್ರಣವನ್ನು ಕೆಲವು ಕ್ಷಣ ನುಡಿಸಿ, ಒಳಗಿನಿಂದ ಉತ್ತರ ಬರುತ್ತದೆಯೇ ಎಂದು ಕಿವಿಗೊಡುತ್ತಾರೆ. ಉತ್ತರ ಬಂದರೆ ಒಂದು ಗುರುತು. ಆದರೆ ಒಳಗಿರುವ ಹಕ್ಕಿ ಪ್ರತಿ ಸಲವೂ ಉತ್ತರಿಸುವುದಿಲ್ಲ. ಅದಕ್ಕಾಗಿ ಒಂದು ಚಿಕ್ಕ ತುಂಡು ನೆಲದಲ್ಲಿ, ಒಳಗೆ ಹಕ್ಕಿ ಇದೆಯೆಂದು ಖಚಿತವಾಗಿ ಗೊತ್ತಿರುವ ಬಿಲಗಳ ಬಳಿಗೆ ಹಲವು ದಿನ ಹೋಗಿ, ಸರಾಸರಿ ಎಷ್ಟು ಉತ್ತರ ಬರುತ್ತದೆ ಎಂಬುದನ್ನು ಕಂಡುಕೊಳ್ಳಬೇಕು. ಅಲ್ಲಿ ಹಕ್ಕಿಯಿರುವ 40 ಬಿಲಗಳಿಂದ ದಿನಕ್ಕೆ ಸರಾಸರಿ 16 ಉತ್ತರ ಬಂದವು ಎಂದಿಟ್ಟುಕೊಳ್ಳೋಣ. ಉತ್ತರದ ಪ್ರಮಾಣ 0.4. ಉಳಿದ ಇಳಿಜಾರಿನಲ್ಲಿ 52 ಉತ್ತರಗಳು ಬಂದಿದ್ದರೆ ಅಲ್ಲಿ ಸುಮಾರು 130 ಬಿಲಗಳಲ್ಲಿ ಹಕ್ಕಿಗಳಿವೆ.

ಈಗ ಹಾಳೆಯಲ್ಲಿ ಬರೆಯಬೇಕಾದುದು ಯಾವುದು, 52 ಅಥವಾ 130? ನನ್ನ ಉತ್ತರ: 52, 16, 40 ಈ ಮೂರನ್ನೂ ಬರೆಯಬೇಕು, 130ನ್ನು ಅವುಗಳಿಂದ ಪಡೆದ ಬೆಲೆ ಎಂದು ಪ್ರತ್ಯೇಕ ಅಂಕಣದಲ್ಲಿ ಇಡಬೇಕು. ಕಚ್ಚಾ ಅಂಕಿಗಳಿದ್ದರೆ ಮುಂದೆ ಯಾರಾದರೂ ಉತ್ತರದ ಪ್ರಮಾಣವನ್ನು ಉತ್ತಮ ರೀತಿಯಲ್ಲಿ ಅಂದಾಜಿಸಿಯಾರು. 130 ಒಂದನ್ನೇ ಉಳಿಸಿದರೆ ಆ ದಾರಿ ಶಾಶ್ವತವಾಗಿ ಮುಚ್ಚಿತು.

ಕಾಲದ ವಿಷಯದಲ್ಲಿಯೂ ಇಷ್ಟೇ ಕಟ್ಟುನಿಟ್ಟು ಬೇಕು. ಅಲೆಮಾರಿ ಆಲ್ಬಟ್ರಾಸ್ ಒಮ್ಮೆ ಮರಿಯನ್ನು ಯಶಸ್ವಿಯಾಗಿ ಸಾಕಿದರೆ ಮರುವರ್ಷ ಗೂಡು ಕಟ್ಟುವುದಿಲ್ಲ, ಏಕೆಂದರೆ ಆ ಮರಿಯ ಪಾಲನೆಗೇ ವರ್ಷದ ಹತ್ತಿರ ಕಾಲ ಹಿಡಿಯುತ್ತದೆ. ಹಾಗಾಗಿ ಒಂದು ವರ್ಷದ ಎಣಿಕೆಯಲ್ಲಿ ಕಾಣುವುದು ಪ್ರಾಯದ ಹಕ್ಕಿಗಳ ಒಂದು ಭಾಗ ಮಾತ್ರ. ಹಿಂದಿನ ವರ್ಷ ಮರಿಗಳು ಹೆಚ್ಚು ಸತ್ತಿದ್ದರೆ ಈ ವರ್ಷ ಗೂಡುಗಳು ಹೆಚ್ಚಾಗಿ ಕಾಣುವ ವಿಪರೀತವೂ ಉಂಟು. ಇದಲ್ಲದೆ ದಕ್ಷಿಣಾರ್ಧಗೋಳದ ಬಹುತೇಕ ತಾಣಗಳಲ್ಲಿ ಋತು ಡಿಸೆಂಬರ್ ದಾಟಿ ಮುಂದಿನ ವರ್ಷಕ್ಕೆ ಚಾಚಿಕೊಳ್ಳುತ್ತದೆ. 2021-22ರ ಋತುವನ್ನು 2021 ಎನ್ನಬೇಕೇ, 2022 ಎನ್ನಬೇಕೇ ಎಂಬುದನ್ನು ಎಲ್ಲಿಯೂ ಬರೆಯದೆ ಬಿಟ್ಟರೆ, ಎರಡು ದ್ವೀಪಗಳ ದತ್ತಾಂಶ ಸೇರಿಸಿದ ದಿನ ಒಂದು ವರ್ಷದ ಜಾರು ಉಂಟಾಗುತ್ತದೆ, ಮತ್ತು ಆ ಜಾರು ನಕ್ಷೆಯಲ್ಲಿ ಬಹಳ ಸಹಜವಾಗಿಯೇ ಕಾಣುತ್ತದೆ.

ಒಂದೇ ಸಾಲಿನ ಮಾದರಿ

ವಯೋಗುಂಪುಗಳ ಕೋಷ್ಟಕದಿಂದ ಜೀವಿಸಂಖ್ಯೆಯನ್ನು ಮುಂದೊಯ್ಯುವ ವಿಧಾನವನ್ನು ಪ್ಯಾಟ್ರಿಕ್ ಲೆಸ್ಲಿ 1945ರಲ್ಲಿ ಪ್ರಕಟಿಸಿದರು. ಇಂದಿನ ಬಹುತೇಕ ಮಾದರಿಗಳ ಬೇರು ಅಲ್ಲಿದೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ದೀರ್ಘಾಯುವಾದ ಕಡಲಹಕ್ಕಿಗೆ ಆ ಕೋಷ್ಟಕವನ್ನು ಒಂದು ಸಾಲಿಗೆ ಇಳಿಸಬಹುದು. ಕೆಳಗಿನ ಬೆಲೆಗಳು ಯಾವುದೋ ಒಂದು ಪ್ರಭೇದದವಲ್ಲ, ಕಲಿಕೆಗಾಗಿ ಆರಿಸಿಕೊಂಡವು.

ಹೆಣ್ಣುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರಾಯದ ಹೆಣ್ಣು ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಬದುಕುಳಿಯುವ ಪ್ರಮಾಣ 0.95. ವರ್ಷವೊಂದರಲ್ಲಿ ಗೂಡು ಕಟ್ಟುವವು 0.8, ಕಟ್ಟಿದವುಗಳಲ್ಲಿ ಮರಿ ಹಾರುವ ಹಂತ ತಲುಪುವುದು 0.6; ಮರಿಗಳಲ್ಲಿ ಅರ್ಧ ಹೆಣ್ಣು. ಮೂರನ್ನೂ ಗುಣಿಸಿದರೆ ಪ್ರಾಯದ ಹೆಣ್ಣೊಂದಕ್ಕೆ ವರ್ಷಕ್ಕೆ 0.24 ಹೆಣ್ಣುಮರಿ. ಗೂಡು ಬಿಟ್ಟು ಹಾರಿದ ಮರಿ ಏಳನೆಯ ವಯಸ್ಸಿಗೆ ಪ್ರಾಯದ ಗುಂಪನ್ನು ಸೇರುತ್ತದೆ. ಅಲ್ಲಿಯವರೆಗೆ ಉಳಿಯುವುದು 0.3. ಹೀಗೆ 0.24ನ್ನು 0.3ರಿಂದ ಗುಣಿಸಿದರೆ 0.072. ಆಗ ಮಾದರಿಯ ಸಾಲು ಇಷ್ಟೇ: ಮುಂದಿನ ವರ್ಷದ ಪ್ರಾಯದ ಹೆಣ್ಣುಗಳು ಎಂದರೆ ಈ ವರ್ಷದವುಗಳ 0.95 ಪಾಲು ಮತ್ತು ಆರು ವರ್ಷ ಹಿಂದಿದ್ದವುಗಳ 0.072 ಪಾಲು ಸೇರಿದ ಮೊತ್ತ. ಕಳೆದ ಆರು ವರ್ಷವೂ ಈ ವರ್ಷವೂ 1000 ಹೆಣ್ಣುಗಳಿದ್ದವು ಎಂದಿಟ್ಟುಕೊಂಡು ಓಡಿಸಿದರೆ ಮೊದಲ ವರ್ಷ 1022, ಎರಡನೆಯ ವರ್ಷ 1042.9, ಮೂರನೆಯ ವರ್ಷ 1062.8 ಬರಬೇಕು. ಈ ಅಂಕಿಗಳನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಕೆಲವು ದಶಕಗಳಲ್ಲಿ ಏರಿಕೆ ವರ್ಷಕ್ಕೆ ಸುಮಾರು ಶೇ. 1.6ಕ್ಕೆ ನೆಲೆಗೊಳ್ಳುತ್ತದೆ.

ಈಗ ಸಂರಕ್ಷಣೆಯ ಪ್ರಶ್ನೆಗಳನ್ನು ಕೇಳಬಹುದು. ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ನಡೆಸುವ ಮೀನುಗಾರಿಕೆಯಲ್ಲಿ ಆಲ್ಬಟ್ರಾಸ್‌ಗಳು ಗಾಳದ ಎರೆಯನ್ನು ನುಂಗಹೋಗಿ ಮುಳುಗಿ ಸಾಯುತ್ತವೆ. ಪ್ರಾಯದ ನೂರು ಹಕ್ಕಿಗಳಲ್ಲಿ ಹೆಚ್ಚುವರಿಯಾಗಿ ನಾಲ್ಕು ಹೀಗೆ ಸತ್ತು ಬದುಕುಳಿಯುವ ಪ್ರಮಾಣ 0.95ರಿಂದ 0.91ಕ್ಕೆ ಇಳಿದರೆ, ನೆಲೆಗೊಂಡ ದರ ಶೇ. 1.6ರ ಏರಿಕೆಯಿಂದ ಶೇ. 1.2ರ ಇಳಿಕೆಗೆ ತಿರುಗುತ್ತದೆ. ಅದೇ ಅನುಪಾತದಲ್ಲಿ ಮರಿ ಹಾರುವ ಯಶಸ್ಸು 0.6ರಿಂದ 0.575ಕ್ಕೆ ಇಳಿದರೆ ಏರಿಕೆ ಶೇ. 1.4 ಆಗಿಯೇ ಉಳಿಯುತ್ತದೆ; ಏರಿಕೆ ಪೂರ್ತಿ ನಿಲ್ಲಬೇಕಾದರೆ ಯಶಸ್ಸು 0.42ರ ಹತ್ತಿರಕ್ಕೆ ಕುಸಿಯಬೇಕು. ದೀರ್ಘಾಯುವಾದ ಹಕ್ಕಿಗಳಲ್ಲಿ ಪ್ರಾಯದವುಗಳ ಸಾವನ್ನು ತಡೆಯುವುದಕ್ಕೆ ಏಕೆ ಅಷ್ಟು ಒತ್ತು ಎಂಬುದು ಇಲ್ಲಿ ಕಾಣುತ್ತದೆ. ಹಕ್ಕಿಗಳನ್ನು ಬೆದರಿಸುವ ಪಟ್ಟಿಗಳನ್ನು ದೋಣಿಯ ಹಿಂದೆ ಹಾರಿಸುವುದು, ಗಾಳದ ಹಗ್ಗಕ್ಕೆ ತೂಕ ಕಟ್ಟಿ ಬೇಗ ಮುಳುಗಿಸುವುದು, ರಾತ್ರಿಯಲ್ಲಿ ಗಾಳ ಬಿಡುವುದು, ಈ ಮೂರನ್ನೂ ಒಟ್ಟಿಗೆ ಮಾಡಬೇಕೆಂದು ಆಲ್ಬಟ್ರಾಸ್ ಮತ್ತು ಪೆಟ್ರೆಲ್‌ಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಸಲಹೆ ನೀಡುತ್ತದೆ.

ಹಾಗೆಂದು ಮರಿಗಳ ಸಾವನ್ನು ಹಗುರವಾಗಿ ಕಾಣಬಾರದು. ಅದೇ ಸಾಲನ್ನು ಇನ್ನೊಂದು ಬಗೆಯಲ್ಲಿ ಓಡಿಸಿ ನೋಡಿ. ಇಂದಿನಿಂದ ಇಲಿಗಳು ಎಲ್ಲ ಮರಿಗಳನ್ನೂ ತಿಂದುಹಾಕುತ್ತವೆ, ಒಂದೂ ಹಾರುವುದಿಲ್ಲ ಎಂದುಕೊಳ್ಳಿ. ಆರು ವರ್ಷಗಳವರೆಗೆ ಎಣಿಕೆ ಏರುತ್ತಲೇ ಹೋಗುತ್ತದೆ: ಆರನೆಯ ವರ್ಷಕ್ಕೆ ಸುಮಾರು 1117 ಹೆಣ್ಣುಗಳು. ಏಳನೆಯ ವರ್ಷ ಥಟ್ಟನೆ 1061. ಹಿಂದೆ ಹುಟ್ಟಿ ಕಡಲಿನಲ್ಲಿ ಬೆಳೆಯುತ್ತಿದ್ದ ಹಕ್ಕಿಗಳು ಅಷ್ಟು ದಿನ ತಾಣವನ್ನು ತುಂಬುತ್ತಿದ್ದವು. ಗೂಡುಗಳನ್ನಷ್ಟೇ ಎಣಿಸಿ ತೃಪ್ತಿಪಡುವ ಕಾರ್ಯಕ್ರಮ ಈ ಆರು ವರ್ಷಗಳಲ್ಲಿ ಶುಭವಾರ್ತೆಯನ್ನೇ ಬರೆಯುತ್ತಿರುತ್ತದೆ. ಆದ್ದರಿಂದ ಮಾದರಿಯಿಂದ ಹೊರಬರುವ ಬೆಲೆಗಳಲ್ಲಿ ಪ್ರಾಯದ ಹೆಣ್ಣುಗಳ ಜೊತೆಗೆ ಗೂಡುಗಳ ಸಂಖ್ಯೆಯನ್ನೂ ಹಾರಿದ ಮರಿಗಳ ಸಂಖ್ಯೆಯನ್ನೂ ಪ್ರತ್ಯೇಕವಾಗಿ ಇಡಬೇಕು. 1022 ಹೆಣ್ಣುಗಳಿರುವ ವರ್ಷ ಎಣಿಸುವವರಿಗೆ ಸಿಗುವುದು ಸುಮಾರು 818 ಗೂಡುಗಳು. ಮಾದರಿಯನ್ನು ಹಾಳೆಯೊಡನೆ ಹೋಲಿಸಬೇಕಾದುದು ಈ 818ರ ಮೂಲಕ.

ಮಾದರಿಗೆ ಹೊದಿಕೆ ಹಾಕುವುದು

ಒಂದು ಸಾಲಿನ ಲೆಕ್ಕಕ್ಕೆ ಇಷ್ಟೆಲ್ಲ ಶಿಸ್ತು ಅತಿಯಾಯಿತೆಂದು ಅನ್ನಿಸಬಹುದು. ಆದರೆ ನಾಳೆ ಇದೇ ಲೆಕ್ಕವನ್ನು ಮೀನುಗಾರಿಕೆಯ ಮಾದರಿಯೊಂದು ಕರೆಯಬೇಕಾಗುತ್ತದೆ, ಅಥವಾ ಕಡಲಿನ ಉಷ್ಣತೆಯ ಮಾದರಿ ಇದಕ್ಕೆ ಆಹಾರದ ಲಭ್ಯತೆಯನ್ನು ಒದಗಿಸಬೇಕಾಗುತ್ತದೆ. ಕೇಪ್-ಓಪನ್‌ನ ಇಂಟರ್‌ಫೇಸ್, ಎಂದರೆ ಮಾದರಿಗಳು ಪರಸ್ಪರ ಕರೆಯುವ ನಿಯಮಗಳ ಕಟ್ಟು, ಸ್ಥಾವರಗಳಿಗಾಗಿಯೇ ರೂಪುಗೊಂಡದ್ದು; ಅದನ್ನು ಹಕ್ಕಿಗಳ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ. ಪರಿಸರ ಮಾದರಿಗಳಿಗೆ ಹೊಂದುವ ಹಗುರವಾದ ಇನ್ನೊಂದು ಇಂಟರ್‌ಫೇಸ್ ಇದೆ: ಭೂಮೇಲ್ಮೈ ಮಾದರಿಗಾರರ ಸಮುದಾಯವಾದ ಸಿಎಸ್‌ಡಿಎಂಎಸ್ ರೂಪಿಸಿದ ಬೇಸಿಕ್ ಮಾಡೆಲ್ ಇಂಟರ್‌ಫೇಸ್, ಎಂದರೆ ಬಿಎಂಐ. ಇನಿಷಿಯಲೈಸ್ ಎಂದು ಕರೆದರೆ ಮಾದರಿ ತನ್ನ ಸಂರಚನಾ ಕಡತವನ್ನು ಓದಿ ಸಿದ್ಧವಾಗಬೇಕು. ಅಪ್‌ಡೇಟ್ ಎಂದರೆ ಒಂದು ಕಾಲಹೆಜ್ಜೆ, ನಮ್ಮಲ್ಲಿ ಒಂದು ಋತು, ಮುಂದೆ ಹೋಗಬೇಕು. ಫೈನಲೈಸ್ ಎಂದರೆ ಎಲ್ಲವನ್ನೂ ಮುಚ್ಚಿ ಹೊರಬರಬೇಕು. ಇವುಗಳ ಜೊತೆಗೆ ಬೆಲೆಯನ್ನು ಕೇಳುವ, ಬೆಲೆಯನ್ನು ಇಡುವ, ಚರಾಂಶದ ಏಕಮಾನವನ್ನು ಕೇಳುವ ಫಂಕ್ಷನ್‌ಗಳಿವೆ. ಈ ಕೊನೆಯದನ್ನು ಖಾಲಿ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಏಕೆಂದರೆ ಹಕ್ಕಿಯ ಸಂಖ್ಯೆಗೆ ಎಸ್ಐ ಏಕಮಾನವಿಲ್ಲ. ಆ ಫಂಕ್ಷನ್ ‘1’ ಎಂದಷ್ಟೇ ಉತ್ತರಿಸುತ್ತದೆ. ಹಾಗಾಗಿ ಅರ್ಥವನ್ನು ಚರಾಂಶದ ಹೆಸರಿನಲ್ಲಿಯೇ ತುಂಬಬೇಕು: ‘ಸಂಖ್ಯೆ’ ಎಂಬ ಹೆಸರು ನಿಷಿದ್ಧ, ‘ಪ್ರಾಯದ ಹೆಣ್ಣುಗಳು, ಮೊಟ್ಟೆಯಿಡುವ ಋತುವಿನ ಆರಂಭದಲ್ಲಿ’ ಎಂಬಷ್ಟು ಉದ್ದದ ಹೆಸರು ಇದ್ದರೂ ಚಿಂತೆಯಿಲ್ಲ.

ಬಿಎಂಐ ಹೇಳದಿದ್ದರೂ ಕೇಪ್-ಓಪನ್‌ನಿಂದ ತಂದು ಸೇರಿಸಬೇಕಾದುದು ಲೆಕ್ಕಕ್ಕೆ ಮುಂಚಿನ ಪರಿಶೀಲನೆ. ಪ್ರಮಾಣಗಳೆಲ್ಲ 0 ಮತ್ತು 1ರ ನಡುವೆ ಇವೆಯೇ? ಆರಂಭಕ್ಕೆ ಬೇಕಾದ ಏಳೂ ಋತುಗಳ ಬೆಲೆಗಳು ಬಂದಿವೆಯೇ, ಅಥವಾ ಎಣಿಕೆಯಾಗದ ಋತುವಿನಲ್ಲಿ ಸೊನ್ನೆ ಕುಳಿತಿದೆಯೇ? ಒಳಬಂದದ್ದು ಗೂಡುಗಳೆಂದು ಘೋಷಿಸಲಾಗಿದ್ದರೆ, ಅದನ್ನು ಹೆಣ್ಣುಗಳಿಗೆ ಪರಿವರ್ತಿಸುವ ಪ್ರಮಾಣವೂ ಜೊತೆಯಲ್ಲಿ ಬಂದಿದೆಯೇ? ಬರದಿದ್ದರೆ ಮಾದರಿ ತಾನೇ 0.8 ಎಂದು ಊಹಿಸಿಕೊಳ್ಳಬಾರದು. ನಿಲ್ಲಬೇಕು, ಮತ್ತು ‘ಗೂಡುಗಳ ಸಂಖ್ಯೆ ಬಂದಿದೆ, ಗೂಡು ಕಟ್ಟುವ ಪ್ರಮಾಣ ಬಂದಿಲ್ಲ’ ಎಂದು ಓದುವವರ ಭಾಷೆಯಲ್ಲಿ ಹೇಳಬೇಕು. ಬೆಲೆಯೊಂದನ್ನು ಬದಲಿಸಿದೊಡನೆ ಪರಿಶೀಲನೆಯನ್ನು ಮತ್ತೆ ಕೇಳುವಂತೆ ಒಂದು ಗುರುತನ್ನೂ ಇಟ್ಟುಕೊಳ್ಳಬೇಕು. ಯಾದೃಚ್ಛಿಕ ಏರಿಳಿತಗಳನ್ನು ಸೇರಿಸಿದ ಮಾದರಿಯಾದರೆ, ಯಾದೃಚ್ಛಿಕ ಸಂಖ್ಯೆಗಳ ಬೀಜವೂ, ಎಂದರೆ ಆ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಅಂಕಿಯೂ, ಹೊರಗಿನಿಂದಲೇ ಬರಬೇಕು. ಒಳಗೆ ಗಡಿಯಾರದಿಂದ ತೆಗೆದುಕೊಂಡ ಬೀಜವಿದ್ದರೆ ನಿಮ್ಮ ಫಲಿತಾಂಶವನ್ನು ಮತ್ತೊಬ್ಬರು ಮರಳಿ ಪಡೆಯಲಾರರು.

ಕಡತ

ಎಣಿಕೆಯನ್ನು ಹಂಚಿಕೊಳ್ಳಲು ಹೊಸ ಮಾನಕ ಕಟ್ಟುವ ಉತ್ಸಾಹ ಬೇಡ. ಜೀವವೈವಿಧ್ಯದ ದತ್ತಾಂಶಕ್ಕೆ ಡಾರ್ವಿನ್ ಕೋರ್ ಎಂಬ ಪದಕೋಶವಿದೆ. ಇಂಥ ದತ್ತಾಂಶದ ಮಾನಕಗಳನ್ನು ರೂಪಿಸುವ ಟಿಡಿಡಬ್ಲ್ಯುಜಿ ಸಂಸ್ಥೆ ಅದನ್ನು 2009ರಲ್ಲಿ ಮಾನಕವಾಗಿ ಅಂಗೀಕರಿಸಿತು, ಜಾಗತಿಕ ಜೀವವೈವಿಧ್ಯ ದತ್ತಾಂಶದ ಭಂಡಾರವಾದ ಜಿಬಿಐಎಫ್ ಮತ್ತು ಕಡಲಜೀವಿಗಳ ದತ್ತಾಂಶದ ಭಂಡಾರವಾದ ಒಬಿಸ್ ಎರಡೂ ಅದನ್ನೇ ಬಳಸುತ್ತವೆ. ಅದರಲ್ಲಿ ಪ್ರಮಾಣಕ್ಕೆ ಒಂದು ಅಂಕಣ, ಆ ಪ್ರಮಾಣ ಯಾವ ಬಗೆಯದು ಎಂಬುದಕ್ಕೆ ಇನ್ನೊಂದು ಅಂಕಣ ಇರುವುದನ್ನು ಮೊದಲ ಸಲ ಕಂಡಾಗ ನನಗೆ ಆ 640ರ ನೆನಪಾಯಿತು. ಆರ್ಗನಿಸಂ ಕ್ವಾಂಟಿಟಿ 640, ಆರ್ಗನಿಸಂ ಕ್ವಾಂಟಿಟಿ ಟೈಪ್ ಬಳಕೆಯಲ್ಲಿರುವಂತೆ ಕಾಣುವ ಗೂಡು ಎಂದು ಬರೆದಿದ್ದರೆ ತಪ್ಪಿಗೆ ಎಡೆಯೇ ಇರುತ್ತಿರಲಿಲ್ಲ. ಎಣಿಕೆಯ ವಿಧಾನಕ್ಕೂ ದಿನಾಂಕಕ್ಕೂ ಎಣಿಸಿದ ಕ್ಷೇತ್ರದ ವಿಸ್ತಾರಕ್ಕೂ ಅಲ್ಲಿ ಜಾಗವಿದೆ. ಹುಡುಕಿಯೂ ಸಿಗಲಿಲ್ಲ ಎಂಬುದನ್ನು ದಾಖಲಿಸುವ ಅಂಕಣವನ್ನು ಮರೆಯಬಾರದು. ಹುಡುಕಿ ಸಿಗದ ಸೊನ್ನೆಗೂ ಯಾರೂ ಹೋಗದ ಖಾಲಿಗೂ ಇರುವ ಅಂತರ ಮಾದರಿಗೆ ಜೀವನ್ಮರಣದ ಪ್ರಶ್ನೆ.

ದರಗಳ ಪೊಟ್ಟಣವನ್ನು ಬೇರೆ ಕಡತದಲ್ಲಿಡಿ. ಪ್ರತಿ ದರದ ಮುಂದೆ ಬೆಲೆ, ಅನಿಶ್ಚಿತತೆಯ ವ್ಯಾಪ್ತಿ, ಯಾವ ತಾಣದಲ್ಲಿ ಯಾವ ವರ್ಷಗಳಲ್ಲಿ ಅಳೆದದ್ದು ಎಂಬ ವಿವರ ಇರಲಿ. ಬೇರೆ ದ್ವೀಪದ ದರವನ್ನು ಎರವಲು ತಂದಿದ್ದರೆ ಹಾಗೆಂದೇ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದರಗಳಲ್ಲಿ ಕಾಣದ ಘಟನೆಗಳು

ಸರಾಸರಿ ದರಗಳ ಮೇಲೆ ಓಡುವ ಮಾದರಿಗೆ ಒಂದೇ ಬೇಸಿಗೆಯಲ್ಲಿ ಬಂದೆರಗುವ ಆಪತ್ತು ಗೊತ್ತಾಗುವುದಿಲ್ಲ. ಸ್ಕಾಟ್ಲೆಂಡಿನ ಬಾಸ್ ರಾಕ್ ದ್ವೀಪದಲ್ಲಿ 2014ರಲ್ಲಿ ಎಣಿಸಿದಾಗ ಗ್ಯಾನೆಟ್‌ಗಳು ಹಿಡಿದಿಟ್ಟುಕೊಂಡ ಜಾಗಗಳು ಸುಮಾರು 75,000 ಇದ್ದವು; 2022ರ ಹಕ್ಕಿಜ್ವರದ ನಂತರ, 2023ರ ಎಣಿಕೆಯಲ್ಲಿ ಅವು ಸುಮಾರು 52,000ಕ್ಕೆ ಇಳಿದಿದ್ದವು. ಆದ್ದರಿಂದ ಮಾದರಿಗೆ ಘಟನೆಗಳು ಒಳಬರುವ ಪ್ರತ್ಯೇಕ ಪೋರ್ಟ್ ಬೇಕು: ಯಾವ ಋತು, ಯಾವ ವಯೋಗುಂಪು, ಯಾವ ದರವನ್ನು ಎಷ್ಟರಿಂದ ಗುಣಿಸಬೇಕು. ದರಗಳ ಕಡತವನ್ನೇ ತಿದ್ದಿ ರೋಗವನ್ನು ತೂರಿಸಿದರೆ, ರೋಗವಿಲ್ಲದ ವರ್ಷಗಳ ಲೆಕ್ಕವೂ ಕೆಡುತ್ತದೆ.

ಸಂರಕ್ಷಣೆಯ ಕೆಲಸವೂ ಇದೇ ಬಾಗಿಲಿನಿಂದ ಒಳಬರಲಿ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ ಇಲಿಗಳನ್ನು ನಿರ್ಮೂಲಿಸಲು ಹೆಲಿಕಾಪ್ಟರ್‌ಗಳಿಂದ ವಿಷದ ಉಂಡೆಗಳನ್ನು ಚೆಲ್ಲುವ ಕೆಲಸ 2011ರಿಂದ 2015ರವರೆಗೆ ಮೂರು ಹಂತಗಳಲ್ಲಿ ನಡೆಯಿತು. ವಾಸನೆ ಹಿಡಿಯುವ ನಾಯಿಗಳೊಂದಿಗೆ ಹುಡುಕಾಡಿದ ಮೇಲೆ, 2018ರಲ್ಲಿ ಮಾತ್ರ ದ್ವೀಪವನ್ನು ಇಲಿಮುಕ್ತವೆಂದು ಘೋಷಿಸಲಾಯಿತು. ಗಾಫ್ ದ್ವೀಪದಲ್ಲಿ ಆಲ್ಬಟ್ರಾಸ್ ಮರಿಗಳನ್ನು ಜೀವಂತವಾಗಿ ಕಡಿದು ತಿನ್ನುವ ಚಿಟ್ಟಿಲಿಗಳ ವಿರುದ್ಧ 2021ರಲ್ಲಿ ಅಂಥದೇ ಪ್ರಯತ್ನ ನಡೆಯಿತು, ಅದೇ ಡಿಸೆಂಬರ್‌ನಲ್ಲಿ ಒಂದು ಚಿಟ್ಟಿಲಿ ಮತ್ತೆ ಕಾಣಿಸಿಕೊಂಡಿತು. ಮ್ಯಾಕ್ವಾರಿ ದ್ವೀಪದಲ್ಲಿ ವಿಷಪ್ರಯೋಗದಿಂದ ದೈತ್ಯ ಪೆಟ್ರೆಲ್, ಸ್ಕುವಾ ಮುಂತಾದ ಹಕ್ಕಿಗಳೂ ಸತ್ತವು. 2014ರಲ್ಲಿ ದ್ವೀಪ ಪಿಡುಗುಮುಕ್ತವೆಂದು ಘೋಷಣೆಯಾಗುವ ಮೊದಲಿನ ಬೆಲೆ ಅದು. ‘ಇಲಿ ನಿರ್ಮೂಲನೆ’ ಎಂಬ ಘಟನೆಯನ್ನು ಮಾದರಿಗೆ ಕೊಡುವಾಗ ಯಶಸ್ಸಿನ ಸಂಭಾವ್ಯತೆ, ಆ ವರ್ಷದ ಅನುದ್ದೇಶಿತ ಸಾವು, ಫಲ ಕಾಣುವವರೆಗಿನ ಕಾಲ, ಮೂರನ್ನೂ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಮರಿ ಬದುಕಲು ತೊಡಗಿದ ಋತುವಿನಿಂದ ಗೂಡುಗಳ ಎಣಿಕೆಯಲ್ಲಿ ಅದು ಕಾಣಲು ಏಳು ವರ್ಷ ಬೇಕು. ಧನಸಹಾಯದ ಅವಧಿ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು.

ಎಲ್ಲ ಮುಗಿದ ಮೇಲೆ ಮಾದರಿಯನ್ನು, ಅದನ್ನು ಹಿಂದೆಂದೂ ನೋಡಿರದ ಒಬ್ಬರಿಗೆ ಕೊಡಿ. ಬಾಯಿಮಾತಿನ ವಿವರಣೆ ಬೇಡ. ಕಡತಗಳು ಮತ್ತು ಒಂದು ಪುಟದ ಟಿಪ್ಪಣಿ ಸಾಕು. ಅವರ ಯಂತ್ರದಲ್ಲಿ 1022, 1042.9, 1062.8 ಬರಬೇಕು, ಮರಿಗಳೆಲ್ಲ ಸಾಯುವ ಪ್ರಯೋಗದಲ್ಲಿ ಏಳನೆಯ ವರ್ಷ 1061 ಬರಬೇಕು. ನಾನು ಕೊಟ್ಟ ಮೊದಲನೆಯವರಿಗೆ ಎರಡನೆಯ ಪ್ರಯೋಗದಲ್ಲಿ ಕುಸಿತ ಒಂದು ವರ್ಷ ತಡವಾಗಿ ಬಂದಿತ್ತು. ಮರಿಗಳ ಸಾವನ್ನು ನಾನು ಆರಂಭದ ಋತುವಿನಿಂದ ಎಣಿಸಿದ್ದೆ, ಅವರು ಅದರ ಮುಂದಿನ ಋತುವಿನಿಂದ. ಟಿಪ್ಪಣಿಯಲ್ಲಿ ‘ಮೊದಲ ವರ್ಷದಿಂದ’ ಎಂದಷ್ಟೇ ಇತ್ತು. ಆ ಜಾಗದಲ್ಲಿ ‘ಸೊನ್ನೆಯ ಋತುವಿನಿಂದ, ಅಂದರೆ 1000 ಹೆಣ್ಣುಗಳಿರುವ ಕೊನೆಯ ಋತುವಿನಿಂದ’ ಎಂದು ಬರೆದೆ. ಎರಡನೆಯವರಿಗೆ ಎಲ್ಲ ಅಂಕಿಗಳೂ ಮೊದಲ ಓಟದಲ್ಲಿಯೇ ಹೊಂದಿದವು.